ಸರ್ವರ್ ರೂಮಿನ ಹೇಸಿಗೆ ಮನುಷ್ಯ

"ಛೀ!"

ಬಾಗಿಲು ತೆಗೆದವಳೇ ಅವಳು ಮೂಗು ಮುಚ್ಚಿಕೊಂಡಳು.

ಹೆಸರಿಗೆ ಮಾತ್ರ ಸರ್ವರ್ ರೂಮು. ಒಳಗೆ ಒದ್ದೆ ಬಟ್ಟೆಯ ಮುಗ್ಗಲು ನಾತ. ಮೂಲೆಯಲ್ಲಿ ಕೊಳಕು ನೀರಿನ ಬಕೆಟ್ಟು. ಅದೆಲ್ಲ ಹಾಳಾಗಿಹೋಗಲಿ... ಬಿಸಿಗಾಳಿ ಉಗುಳುತ್ತಿದ್ದ ದೊಡ್ಡ ಕಂಪ್ಯೂಟರಿನ ಬೆನ್ನ ಮೇಲೆ ಯಾರೋ ಕಾಲುಚೀಲ ಒಣಹಾಕಿದ್ದರು!

ಪಕ್ಕದಲ್ಲೇ ಬರಿಗಾಲಲ್ಲಿ ನಿಂತಿದ್ದ, ಆ ಕಾಲುಚೀಲದ ಒಡೆಯ. ಅನಿಮೇಷನ್ ಸ್ಟುಡಿಯೋದ ಕಂಪ್ಯೂಟರುಗಳನ್ನು ನೋಡಿಕೊಳ್ಳಲು ಮೊನ್ನೆ ಮೊನ್ನೆ ಸೇರಿದವನು. ಎಲ್ಲರೂ ಅವನನ್ನು 'ಸಿಸ್ಟಮ್' ಎಂದೇ ಕರೆಯುತ್ತಿದ್ದರು.

"ಬೆಳಗ್ಗೆಯಿಂದ ನನ್ನ ಕಂಪ್ಯೂಟರ್ ಪರದೆ ಕಪ್ಪಗಿದೆ. ನೀವಿಲ್ಲಿ ಬಟ್ಟೆ ಒಣಗಿಸ್ತಾ ಕೂತಿದ್ದೀರಾ?"

ಅವನು ಗಡಿಬಿಡಿಯಲ್ಲಿ ಕಾಲುಚೀಲ ಎಳೆದು ಜೇಬಿಗೆ ತುರುಕಿದ. ಜೇಬಿಗೆ! ಅವಳಿಗೆ ವಾಕರಿಕೆ ಬಂತು.

"ಮೇಡಂ, ನಿಮ್ಮ ಕಂಪ್ಯೂಟರ್ ಇರೋದೇ ಇದರೊಳಗೆ. ಇದೊಂದೇ ಮಷೀನಲ್ಲಿ ನಾಲ್ಕು ವರ್ಚುವಲ್ ಮಷೀನು, ಒಂದೇ ಮನೇಲಿ ನಾಲ್ಕು ಸಂಸಾರ ಇದ್ದ ಹಾಗೆ. ಪ್ರತಿಯೊಂದಕ್ಕೂ ಪರದೆ ಮೇಲೆ ಚಿತ್ರ ಮೂಡಿಸೋ ಬೇರೆ ಬೇರೆ ಗ್ರಾಫಿಕ್ಸ್ ಕಾರ್ಡ್ ಕೊಟ್ಟಿದೆ. ನಿಮ್ಮ ಮಷೀನಿಗೆ ನಿಮ್ಮ ಕಾರ್ಡ್ ಸಿಗ್ತಿಲ್ಲ. ನೋಡ್ತಿದ್ದೀನಿ..."

"ನೋಡ್ತಾ ಇರಿ! ನಾಳೆ ಸಂಜೆ ಚಿತ್ರ ಆಸ್ಪತ್ರೆಗೆ ಹೋಗ್ಬೇಕು."

ಅವಳು ಅನಿಮೇಷನ್ ಮಾಡುವವಳು. ಹೃದಯದ ಆಪರೇಷನ್ನಿಗೆ ಹೋಗುವ ಮಕ್ಕಳು ಹೆದರದಿರಲಿ ಎಂದು ಅವಳೊಂದು ಪುಟ್ಟ ಚಿತ್ರ ಮಾಡುತ್ತಿದ್ದಳು. ಅದರಲ್ಲಿ ಒಂದು ಪುಟಾಣಿ ಹೃದಯವೇ ತನ್ನ ಕಥೆ ಹೇಳುತ್ತಿತ್ತು. ಎಷ್ಟೋ ತಿಂಗಳ ಕೆಲಸ. ಈಗ ಕೊನೆಯ ದೃಶ್ಯಕ್ಕೆ ಬಂದಾಗ ಹೀಗೆ!

ಮರಳುವ ದಾರಿಯಲ್ಲಿ ಬಾಸ್‌ನ ಭಾವಮೈದುನನ ಕೋಣೆ. ಮೇಜಿನ ಮೇಲೆ ಕಾಲು ಚಾಚಿ, ಎಣ್ಣೆ ಬೆರಳು ನೆಕ್ಕುತ್ತಾ, ಅದೇ ಬೆರಳಲ್ಲಿ ಮೌಸ್ ಹಿಡಿದು ಗೇಮ್ ಆಡುತ್ತಿದ್ದ. ಪರದೆಯ ಮೂಲೆಯಲ್ಲಿ ಕಾರ್ಡಿನ ಹೆಸರು ಕಾಣುತ್ತಿತ್ತು. ಅವಳು ಅಲ್ಲೇ ನಿಂತಳು. ಇಡೀ ಸ್ಟುಡಿಯೋದಲ್ಲಿ ಅಂಥ ಕಾರ್ಡ್ ಇದ್ದದ್ದು ಅವಳೊಬ್ಬಳಿಗೇ!

"ಇದು ನಿಮಗೆ ಹೇಗೆ ಬಂತು?"

"ಸಿಸ್ಟಮ್ ಕೊಟ್ಟ. ಆಯಮ್ಮನ ಗೊಂಬೆಯಾಟಕ್ಕೆ ಇಷ್ಟು ದೊಡ್ಡ ಕಾರ್ಡ್ ಯಾಕೆ ಅಂದ." ಹಲ್ಲಿಗೆ ಸಿಕ್ಕಿದ್ದನ್ನು ಉಗುರಿನಿಂದ ಕೀಳುತ್ತಾ ಅವನು ನಕ್ಕ.

ಅವಳ ಮೈಯೆಲ್ಲ ಉರಿಯಿತು. ಬಾಸ್‌ನ ಮನೆಯವರನ್ನು ಮೆಚ್ಚಿಸೋಕೆ ಮಕ್ಕಳ ಚಿತ್ರ ನಿಲ್ಲಿಸಿದನಾ? ಥೂ!

ಎಲ್ಲರೂ ಕೆಲಸ ಮಾಡುತ್ತಿದ್ದ ಹಾಲಿನಲ್ಲೇ ಅವಳು ಸಿಸ್ಟಮ್‌ನನ್ನು ತಡೆದಳು.

"ನನ್ನ ಕಾರ್ಡ್ ಅವನಿಗೆ ಕೊಟ್ರಾ?"

"ನಾನು ಕೊಟ್ಟಿಲ್ಲ ಮೇಡಂ."

"ಮತ್ತೆ ಕಾರ್ಡಿಗೆ ಕಾಲು ಬಂತಾ?"

ಅವನು ಬಾಯಿ ತೆರೆದ. ಬಾಸ್‌ನ ಗಾಜಿನ ಬಾಗಿಲ ಕಡೆ ನೋಡಿದ. ಬಾಯಿ ಮುಚ್ಚಿದ.

"ನಿಮ್ಮ ಕಾಲುಚೀಲಕ್ಕಿಂತ ನಿಮ್ಮ ಮನಸ್ಸೇ ಹೆಚ್ಚು ನಾರುತ್ತೆ!"

ಯಾರೋ ಕಿಸಕ್ಕೆಂದರು. ಅವನ ಮುಖ ಬಿಳಿಚಿಕೊಂಡಿತು. ತಿರುಗಿ ಸರ್ವರ್ ರೂಮಿಗೆ ಹೋದ.

ಆ ಸಂಜೆ ಅಕ್ಕ ಬಡಿಸಿದ ಊಟವನ್ನು ಅವಳು ಸುಮ್ಮನೆ ಕೆದಕುತ್ತಾ ಕೂತಳು.

"ಯಾಕೇ, ಸೇರ್ತಿಲ್ವಾ?"

"ಆಫೀಸಲ್ಲಿ ಒಬ್ಬನಿದ್ದಾನೆ ಅಕ್ಕಾ. ನೆನೆಸ್ಕೊಂಡ್ರೇ ಅಸಹ್ಯ!"

"ಅಷ್ಟು ಅಸಹ್ಯದವನನ್ನ ಊಟದ ಹೊತ್ತಲ್ಲಿ ಯಾಕೆ ನೆನೆಸ್ಕೊಳ್ತೀಯಾ?"

ಅವಳು ತಟ್ಟೆ ಎತ್ತಿಕೊಂಡು ಎದ್ದಳು.

ಮರುದಿನ ಬೆಳಗ್ಗೆ ಬೇಗ ಹೋದಳು. ಸರ್ವರ್ ರೂಮಿನ ಬಾಗಿಲು ತೆರೆದಿತ್ತು. ಎಸಿಯಿಂದ ತೊಟ್ಟಿಕ್ಕುವ ನೀರು ಮಷೀನಿನ ಮೇಲೆ ಬೀಳದಂತೆ ಅವನು ಪ್ಲಾಸ್ಟಿಕ್ ಕಟ್ಟಿದ್ದ. ಪ್ಯಾಂಟು ಮೊಳಕಾಲವರೆಗೆ ನೆನೆದಿತ್ತು. ಮಷೀನಿನ ಮುಚ್ಚಳ ತೆಗೆದಿಟ್ಟು ಹತ್ತಿಯಿಂದ ಏನನ್ನೋ ಒರೆಸುತ್ತಿದ್ದ.

"ಮುಟ್ಬೇಡಿ, ಅಂಟು. ಕೂಲ್‌ಡ್ರಿಂಕ್ ಚೆಲ್ಲಿದೆ."

ಒಳಗೆಲ್ಲ ಕಂದು ಬಣ್ಣದ ಲೋಳೆ. ಅದಕ್ಕೆ ಇರುವೆ ಮುತ್ತಿತ್ತು. ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಯಾರ ಕೆಲಸ ಇದು?"

ಅವನು ಒರೆಸುತ್ತಲೇ ಇದ್ದ.

"ಭಾವಮೈದುನನಾ?"

ಅವನು ಹೌದೆಂದು ತಲೆಯಾಡಿಸಿದ. "ರಜೆ ದಿನ ಬಂದು, ತನ್ನ ಗೇಮುಗಳಿಗೆ ಅಂತ ಹೊಸ ಡಿಸ್ಕ್ ಸಿಕ್ಕಿಸಿದ್ದಾರೆ. ಆಗಲೇ ಇದು ಚೆಲ್ಲಿದ್ದು. ಹೊಸ ಡಿಸ್ಕಿನಿಂದ ಕಾರ್ಡುಗಳ ಜಾಗದ ನಂಬರೆಲ್ಲ ಬದಲಾಯ್ತು. ಸೆಟಿಂಗಲ್ಲಿ ಹಳೇ ನಂಬರೇ ಇತ್ತು. ಅವರ ನಂಬರಿನ ಜಾಗಕ್ಕೆ ನಿಮ್ಮ ಕಾರ್ಡ್ ಬಂತು, ನಿಮಗೆ ಏನೂ ಸಿಗಲಿಲ್ಲ."

"ನಿನ್ನೆ ಯಾಕೆ ಹೇಳ್ಲಿಲ್ಲ?"

"ಬಾಸ್ ಕೈ ಮುಗಿದ್ರು. ಹೆಂಡತಿ ತಮ್ಮ, ಮನೇಲಿ ರಂಪ ಆಗುತ್ತೆ, ಸುಮ್ಮನಿರಪ್ಪಾ ಅಂದ್ರು." ಅವನು ತಲೆ ತಗ್ಗಿಸಿದ. "ಸುಮ್ಮನಿದ್ದದ್ದು ನನ್ನ ತಪ್ಪು."

ಅವಳಿಗೆ ನಿನ್ನೆಯ ಮಾತು ನೆನಪಾಯಿತು. ಈ ಸಲ ಹೇಸಿಗೆ ಹುಟ್ಟಿದ್ದು ತನ್ನ ನಾಲಿಗೆಯ ಮೇಲೆ.

"ನಂಬರ್ ನಿನ್ನೇನೇ ಸರಿ ಮಾಡ್ದೆ," ಅವನು ಹೇಳಿದ. "ಆದ್ರೂ ನಿಮ್ಮ ಪರದೆ ಕಪ್ಪಗೇ ಇದೆ. ಯಾಕೆ ಅಂತಾನೇ ಹೊಳೀತಿಲ್ಲ."

"ನಿನ್ನೆ ಸಂಜೆ ಹೊರಡ್ತಾ ಆ ಭಾವಮೈದುನನ ಪರದೆ ನೋಡ್ದೆ. ಸೌಂಡ್ ಅನ್ನೋ ಕಡೆ ಇನ್ನೂ ನನ್ನ ಕಾರ್ಡಿನ ಹೆಸರೇ ಇತ್ತಲ್ಲಾ..."

ಅವನು ಹಣೆ ಚಚ್ಚಿಕೊಂಡ. "ಅಯ್ಯೋ! ಒಂದು ಕಾರ್ಡಲ್ಲಿ ಎರಡು ಭಾಗ, ಚಿತ್ರದ್ದೊಂದು, ಶಬ್ದದ್ದೊಂದು. ಎರಡೂ ಒಂದೇ ಮಷೀನಿಗೆ ಹೋಗ್ಬೇಕು. ನಾನು ಚಿತ್ರದ್ದಷ್ಟೇ ಇತ್ತ ತಂದಿದ್ದೀನಿ!"

ಮುಚ್ಚಳ ಹಾಕಿ, ಶಬ್ದದ ಭಾಗವನ್ನೂ ಅವಳ ಮಷೀನಿಗೇ ಸೇರಿಸಿ, ಮತ್ತೆ ಚಾಲೂ ಮಾಡಿದ. ಅವಳು ತನ್ನ ಮೇಜಿಗೆ ಓಡಿದಳು. ಪರದೆ ಬೆಳಗಿತು! ಪುಟಾಣಿ ಹೃದಯ ಲಬ್‌ಡಬ್ ಎನ್ನುತ್ತಾ ಎದ್ದು ಕೂತಿತು. ಅವಳ ಕಣ್ಣು ತುಂಬಿತು.

"ಲೋ ಸಿಸ್ಟಮ್! ನನ್ನ ಗೇಮ್ ಯಾಕೋ ತಡವರಿಸ್ತಿದೆ?" ಆಗಷ್ಟೇ ಬಂದ ಭಾವಮೈದುನ ಕಿರುಚಿದ.

ಅವಳು ನೇರ ಬಾಸ್‌ನ ಕೋಣೆಗೆ ನುಗ್ಗಿದಳು. ಅವರನ್ನು ಸರ್ವರ್ ರೂಮಿನ ಬಾಗಿಲಿಗೆ ಕರೆತಂದು, ಕಂದು ಲೋಳೆಯ ಹತ್ತಿಯನ್ನು ಅವರ ಅಂಗೈ ಮೇಲೆ ಇಟ್ಟಳು.

"ಅಸಹ್ಯ ಆಗುತ್ತಾ ಸಾರ್? ನನಗೂ ಆಯ್ತು. ಆದ್ರೆ ನಾನು ಉಗಿದಿದ್ದು ಬೇರೆಯವರಿಗೆ. ಮಷೀನೊಳಗೆ ಕೈ ಹಾಕಿದ್ದು ನಿಮ್ಮ ಭಾವಮೈದುನ. ಎಲ್ಲರೆದುರು ನಾರಿದ್ದು ಇವರ ಹೆಸರು!"

ಹಾಲಿನಲ್ಲಿ ಎಲ್ಲರೂ ಕೇಳಿಸಿಕೊಂಡರು. ಬಾಸ್ ಕೈ ಒರೆಸಿಕೊಂಡರು. ಎದ್ದು ಬಂದ ಭಾವಮೈದುನನ ಮುಖ ನೋಡಿದರು. ಕೊನೆಗೆ ಕೈ ಚಾಚಿದರು.

"ಸರ್ವರ್ ರೂಮಿನ ಬೀಗದ ಕೈ ಕೊಡು. ನಿಮ್ಮಕ್ಕನ ಹತ್ರ ನಾನೇ ಮಾತಾಡ್ತೀನಿ."

ಸಂಜೆ ಚಿತ್ರ ಆಸ್ಪತ್ರೆಗೆ ಹೋಯಿತು. ಸಿಸ್ಟಮ್ ಹೊರಗಿನ ಮೆಟ್ಟಿಲ ಮೇಲೆ ಒಬ್ಬನೇ ಕೂತಿದ್ದ. ಅವಳು ಪಕ್ಕದಲ್ಲಿ ಕೂತಳು.

"ಎಲ್ಲರೆದುರಿಗೇ ಅಂದೆ. ಕ್ಷಮೆನೂ ಎಲ್ಲರೆದುರಿಗೇ ಕೇಳ್ಬೇಕಿತ್ತು..."

"ಕೇಳಿದ್ರಲ್ಲಾ. ಇಡೀ ಹಾಲಿಗೆ ಕೇಳಿಸ್ತು." ಅವನು ಮೆಲ್ಲಗೆ ನಕ್ಕ. ಆಮೇಲೆ ತಡವರಿಸಿದ. "ನಾನೂ ಒಂದು ಮಾತು ಹೇಳ್ಬೇಕು. ಕೆಲಸಕ್ಕೆ ಸೇರಿದಾಗಿನಿಂದ ಕಾರ್ಡ್ ಟೆಸ್ಟ್ ಮಾಡೋಕೆ ನಿಮ್ಮ ಚಿತ್ರಾನೇ ಓಡಿಸ್ತಿದ್ದೆ. ಒಂದು ಸಲ ಓಡಿಸಿದ್ರೆ ಸಾಕು..."

"ಮತ್ತೆ?"

"ಮತ್ತೆ ಮತ್ತೆ ನೋಡ್ದೆ. ಇಷ್ಟು ಮೃದುವಾಗಿ ಮಕ್ಕಳ ಹತ್ರ ಮಾತಾಡೋರು ನನ್ನನ್ನ ಬೈದ್ರಲ್ಲಾ ಅಂತ ಸಂಕಟ ಆಯ್ತು. ಬೇರೆ ಯಾರಾದ್ರೂ ಬೈದಿದ್ರೆ ಇಷ್ಟು ನೋವಾಗ್ತಿರಲಿಲ್ಲ. ಯಾಕೆ ಅಂತ... ನಿಮಗೆ ಗೊತ್ತಾಗ್ಬೇಕು."

ಅವಳ ಕೆನ್ನೆ ಬೆಚ್ಚಗಾಯಿತು. ಅವನ ಬೆರಳುಗಳ ಮೇಲೆ ಇನ್ನೂ ಕಂದು ಜಿಗುಟು ಇತ್ತು. ಅವಳು ಆ ಕೈಯನ್ನೇ ಹಿಡಿದುಕೊಂಡಳು. ಅಂಟಿತು. ಬಿಡಲಿಲ್ಲ.

ಆಗಲೇ ಅಕ್ಕನ ಫೋನು.

"ಎಲ್ಲೇ ಇದ್ದೀಯಾ? ಪಕ್ಕದಲ್ಲಿ ಯಾರೋ ನಗ್ತಿದ್ದಾರಲ್ಲಾ?"

"ನಮ್ಮ ಆಫೀಸಿನವರು ಅಕ್ಕಾ."

"ಆಫೀಸಿನವರು ಸರಿ. ನಿನಗೇನಾಗ್ಬೇಕು?"

ಅವಳು ಅವನ ಮುಖ ನೋಡಿದಳು. "ಅದನ್ನ ಅವರನ್ನೇ ಕೇಳು," ಎಂದು ಫೋನನ್ನು ಅವನ ಕೈಗಿಟ್ಟಳು.

ಅವನು ಅವಳನ್ನೇ ನೋಡುತ್ತಾ, ಫೋನಿನೊಳಕ್ಕೆ ಮೆಲ್ಲಗೆ ಅಂದ,

"ಅಕ್ಕಾ..."

ಆ ಕಡೆಯಿಂದ ಅಕ್ಕನ ನಗು.

"ಅಕ್ಕಾ ಅಂದಮೇಲೆ ಇನ್ನೇನಪ್ಪಾ ಕೇಳೋದು! ಅವಳ ಜೊತೆ ಊಟಕ್ಕೆ ಬಾ."