ಬಾಲದ ಡ್ಯೂಟಿ

ಸೈಕಲ್ಲಿನ ಹ್ಯಾಂಡಲ್ ತುದಿಗೆ ಸಿಕ್ಕಿಸಿದ್ದ ಪುಟ್ಟ ಕನ್ನಡಿಯನ್ನು ಶರಣ್ಯಾ ಕೊಂಡದ್ದು ಹಿಂದಿನಿಂದ ಬರುವ ಕಾರುಗಳನ್ನು ನೋಡುವುದಕ್ಕೆ ಎಂದು ಎಲ್ಲರೂ ನಂಬಿದ್ದರು. ನಿಜ ಹೇಳಬೇಕೆಂದರೆ, ಕನ್ನಡಿಯಲ್ಲಿ ಕಾರು ಬಂದರೆ ಅವಳಿಗೆ ಬೇಸರವಾಗುತ್ತಿತ್ತು. ಕಾರಿನ ಹಿಂದೆ ಲೋಹಿತ್ ಮರೆಯಾಗಿಬಿಡುತ್ತಿದ್ದ.

ಫಾಸ್ಟರ್ ಸಿಟಿಯ ಕನ್ನಡದ ಗೆಳೆಯರು ಕಟ್ಟಿಕೊಂಡ ಶನಿವಾರದ ಸೈಕಲ್ ಗುಂಪಿಗೆ ಒಂದು ಕಟ್ಟಳೆಯಿತ್ತು. ಒಬ್ಬರು ಕಿತ್ತಳೆ ಬಣ್ಣದ ಜಾಕೀಟು ತೊಟ್ಟು ಎಲ್ಲರಿಗಿಂತ ಕೊನೆಗೆ ಬರಬೇಕು. ಪಂಪು, ಟ್ಯೂಬು ಅವರ ಬಳಿಯೇ. ಏನೇ ಆದರೂ ಮುಂದಿನವರನ್ನು ದಾಟಿ ಹೋಗಕೂಡದು. ಗುಂಪಿನ ಯಜಮಾನಿ ನಿವೇದಿತಕ್ಕ ಇದಕ್ಕೆ ಬಾಲದ ಡ್ಯೂಟಿ ಎಂದು ಹೆಸರಿಟ್ಟಿದ್ದಳು. ಶರಣ್ಯಾ ಸೇರಿದಂದಿನಿಂದಲೂ ಆ ಜಾಕೀಟು ಇದ್ದದ್ದು ಲೋಹಿತನ ಮೈಮೇಲೆಯೇ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನಕ್ಕೆ ತುಳಿಯುವವಳು ಅವಳು. ಹಾಗಾಗಿ ಅವಳ ಹಿಂದೆ ಯಾವಾಗಲೂ ಅವನು.

ಏರಿನಲ್ಲಿ ಅವಳು ಏದುಸಿರು ಬಿಟ್ಟರೆ ಅವನೂ ನಿಧಾನಿಸುತ್ತಿದ್ದ. ಇಳಿಜಾರಿನಲ್ಲಿ ಅವನ ಚಕ್ರದ ಟಿಕಿಟಿಕಿ ಸದ್ದು ಅವಳ ಬೆನ್ನಿಗೇ ಇಳಿದು ಬರುತ್ತಿತ್ತು. ಕನ್ನಡಿಯಲ್ಲಿ ಕಣ್ಣು ಕೂಡಿದರೆ ಸಾಕು, ಅವನು ತಟ್ಟನೆ ಪಕ್ಕದ ಹೊಲದತ್ತ ತಿರುಗುತ್ತಿದ್ದ. ಬೆಳೆ ಸಮೀಕ್ಷೆಗೆ ಬಂದ ಅಧಿಕಾರಿಯಷ್ಟು ಗಂಭೀರವಾಗಿ.

ಮಾತು ಮಾತ್ರ ಕಡಿಮೆ. ಟೈರಿನಲ್ಲಿ ಗಾಳಿ ಸಾಕಾ ಎಂದು ಅವನು ಕೇಳುವುದು, ಸಾಕು ಎಂದು ಅವಳು ಹೇಳುವುದು. ವಾರವೆಲ್ಲ ಅಪಾರ್ಟ್‌ಮೆಂಟಿನಲ್ಲಿ ಫ್ರಿಜ್ಜಿನ ಗುಂಯ್ ಸದ್ದು ಕೇಳುತ್ತ ಒಬ್ಬಳೇ ಉಣ್ಣುವವಳಿಗೆ ಅಷ್ಟೇ ಮಾತು ಮುಂದಿನ ಶನಿವಾರದವರೆಗೆ ಬರುತ್ತಿತ್ತು.

ಫೆಬ್ರವರಿಯ ಲಾಂಗ್ ವೀಕೆಂಡಿಗೆ ಗುಂಪು ಪೆಸ್ಕಡೇರೋ ಕಡೆ ಪ್ರವಾಸ ಹೊರಟಿತು. ಎರಡನೆಯ ದಿನ ಬೆಳಿಗ್ಗೆಯೇ ಮಳೆ ಹಿಡಿಯಿತು. ಶರಣ್ಯಾ ರೇನ್‌ಕೋಟು ಏರಿಸಿಕೊಂಡು ಹಾಸ್ಟೆಲಿನಿಂದ ಕೆಳಗಿಳಿಯುವಾಗ ಮುಂದಿನವರೆಲ್ಲ ಹೊರಟಾಗಿತ್ತು. ನಿವೇದಿತಕ್ಕನ ಗಂಡ ವ್ಯಾಸರಾಜನೂ ಕಾಣಲಿಲ್ಲ. ಗೇಟಿನ ಹತ್ತಿರ ಲೋಹಿತ್ ಒಬ್ಬನೇ ರೇನ್‌ಕೋಟಿನಲ್ಲಿ ನೆನೆಯುತ್ತ ನಿಂತಿದ್ದ. ಜಾಕೀಟು ಅದರೊಳಗಿರಬೇಕು ಎಂದುಕೊಂಡಳು.

ಅವಳಿಗೆ ಮಿನಿಯಾಪೊಲಿಸ್‌ನಲ್ಲಿ ಕೆಲಸ ಸಿಕ್ಕಿತ್ತು. ಎಂ.ಎಸ್. ಮುಗಿಸಿ ತಿಂಗಳುಗಟ್ಟಲೆ ಹುಡುಕಿದರೂ ಇಲ್ಲಿ ಎಲ್ಲೂ ಸಿಕ್ಕಿರಲಿಲ್ಲ. ವೀಸಾ ಉಳಿಯಬೇಕಾದರೆ ಹೋಗಲೇಬೇಕು. ಇನ್ನೂ ಯಾರಿಗೂ ಹೇಳಿರಲಿಲ್ಲ. ಹೋಗುವ ಮೊದಲು ಒಂದೇ ಒಂದು ಸಂಗತಿ ತಿಳಿಯಬೇಕಿತ್ತು: ಇವನು ಇಷ್ಟು ದಿನ ಹಿಂದೆ ಬಂದದ್ದು ಜಾಕೀಟಿಗಾಗಿಯೋ, ತನಗಾಗಿಯೋ. ಅದನ್ನು ಕೇಳುವ ಬಾಯಿ ಮಾತ್ರ ದೇವರು ಅವಳಿಗೆ ಕೊಟ್ಟಿರಲಿಲ್ಲ.

ಮಳೆ ಜೋರಾದಾಗ ರಸ್ತೆ ಬದಿಯಲ್ಲಿ ಮೊಟ್ಟೆ ಮಾರುವ ಮರದ ಗೂಡಂಗಡಿಯೊಂದು ಸಿಕ್ಕಿತು. ಅಂಗಡಿಯವರು ಯಾರೂ ಇರಲಿಲ್ಲ. ಇಬ್ಬರೂ ಸೂರಿನಡಿ ನಿಂತರು. ಅವನ ರೆಪ್ಪೆಯ ತುದಿಯಲ್ಲಿ ಹನಿಯೊಂದು ಬೀಳಲೋ ಬೇಡವೋ ಎಂದು ತೂಗುತ್ತಿತ್ತು. ಕನ್ನಡಿಯಿಲ್ಲದೆ ಇಷ್ಟು ಹತ್ತಿರದಿಂದ ಅವಳು ಅವನನ್ನು ನೋಡಿದ್ದು ಅದೇ ಮೊದಲು.

"ನೀವು ಹೊರಡಿ ಲೋಹಿತ್. ಡ್ಯೂಟಿ ಅಂತ ಯಾಕೆ ನನ್ ಜೊತೆ ನೆನೀತೀರಾ. ಮುಂದಿನ ತಿಂಗಳಿಂದ ಈ ತೊಂದ್ರೆ ಇರಲ್ಲ ಬಿಡಿ. ಮಿನಿಯಾಪೊಲಿಸ್‌ಗೆ ಹೋಗ್ತಿದೀನಿ, ಕೆಲಸ ಸಿಕ್ತು."

ಅವನು ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿದ. ಮತ್ತೆ ಹಾಕಿಕೊಂಡ. ಕಂಗ್ರಾಟ್ಸ್ ಎಂದ. ಆಮೇಲೆ ಮಳೆಯ ಕಡೆ ತಿರುಗಿದ.

ಅಷ್ಟೇ, ಎಂದುಕೊಂಡಳು ಶರಣ್ಯಾ. ಮೊಟ್ಟೆಯ ಪೆಟ್ಟಿಗೆಗಳನ್ನು ಸುಮ್ಮನೆ ನೇರ ಮಾಡಿಟ್ಟಳು.

ಅಷ್ಟರಲ್ಲಿ, ಅವರು ದಾಟಿ ಬಂದಿದ್ದ ತಿರುವಿನ ಕಡೆಯಿಂದ ಸೈಕಲ್ ತಳ್ಳಿಕೊಂಡು ವ್ಯಾಸರಾಜ ಬಂದ. ಮೂಗಿನ ತುದಿಯಿಂದ ನೀರು ಇಳಿಯುತ್ತಿತ್ತು. ರೇನ್‌ಕೋಟಿನ ಮೇಲೆ ಕಿತ್ತಳೆ ಜಾಕೀಟು.

"ಅಲ್ರಪ್ಪಾ, ನೀವು ಹೊರಡೋ ಲಕ್ಷಣ ಇದೆಯೋ ಇಲ್ವೋ? ಆ ನೀಲಗಿರಿ ಮರದ ಕೆಳಗೆ ನಿಂತೂ ನಿಂತೂ ನೆಗಡಿ ಬಂತು ನಂಗೆ. ದಾಟಿ ಹೋಗೋಣ ಅಂದ್ರೆ ಇವತ್ತು ಬಾಲ ನಾನು. ರೂಲ್ಸು ಮಾಡಿದೋಳು ನನ್ ಹೆಂಡ್ತಿ."

ಶರಣ್ಯಾ ಆ ಜಾಕೀಟನ್ನು ನೋಡಿದಳು. ಲೋಹಿತನ ಕಡೆ ತಿರುಗಿದಳು. ಅರ್ಧ ಜಿಪ್ಪು ತೆರೆದ ಅವನ ರೇನ್‌ಕೋಟಿನೊಳಗೆ ಬರೀ ಬೂದು ಅಂಗಿ.

ಉಳಿದದ್ದನ್ನೂ ವ್ಯಾಸರಾಜನೇ ಹೇಳಿದ. ಬಾಲದ ಡ್ಯೂಟಿ ಸರದಿಯ ಪ್ರಕಾರವಂತೆ. ಈ ಮಹಾನುಭಾವ ಪ್ರತಿ ಶನಿವಾರವೂ ಇನ್ನೊಬ್ಬರ ಸರದಿಯನ್ನು ಬೇಡಿ ಪಡೆಯುತ್ತಿದ್ದನಂತೆ. ಇವತ್ತು ಬೆಳಿಗ್ಗೆ ನಿವೇದಿತಕ್ಕ ಗದರಿ ಜಾಕೀಟು ಬಿಚ್ಚಿಸಿದ್ದಳಂತೆ. ಹೇಳುತ್ತ ಹೇಳುತ್ತ ಅವನಿಗೇ ಏನೋ ಹೊಳೆದಿರಬೇಕು. ಇಬ್ಬರ ಮುಖವನ್ನೂ ನೋಡಿ ಸೈಕಲ್ ತಿರುಗಿಸಿದ.

"ನಿಧಾನಕ್ಕೆ ಬನ್ನಿ. ಆ ಮರ ಏನೂ ಅಷ್ಟು ಸೋರಲ್ಲ."

ಅವನು ತಿರುವಿನಲ್ಲಿ ಮರೆಯಾದ.

"ಮಿನಿಯಾಪೊಲಿಸ್‌ನಲ್ಲಿ ಸೈಕಲ್ ತುಳೀತಾರಾ?" ಎಂದ ಲೋಹಿತ್.

"ಅರ್ಧ ವರ್ಷ ಹಿಮ ಅಂತೆ."

"ಹಂಗಾದ್ರೆ ದಪ್ಪ ಟೈರು ಹಾಕಿಸ್ಬೇಕು."

"ನನ್ ಸೈಕಲ್ಲಿಗಾ?"

"ಎರಡಕ್ಕೂ." ರೆಪ್ಪೆಯ ಹನಿ ಕೊನೆಗೂ ಬಿತ್ತು. ಈ ಸಲ ಅವನು ಹೊಲದ ಕಡೆ ತಿರುಗಲಿಲ್ಲ. "ಹೋಗ್ಬೇಡ ಅನ್ನಲ್ಲ ಶರಣ್ಯಾ. ನಂಗೆ ಈಗಲೇ ಇಲ್ಲಿಂದ ಹೊರಡೋಕೂ ಆಗಲ್ಲ. ಆದ್ರೆ ಹಿಂದೆನೇ ಬರ್ತೀನಿ. ಲೇಟಾದ್ರೂ ಬರ್ತೀನಿ. ನಿನ್ ಹಿಂದೆ ಬರೋದು ನಂಗೆ ಅಭ್ಯಾಸ ಆಗಿದೆ."

ತನ್ನ ಬಾಯಲ್ಲಿ ‘ನೀವು’ ಹೋಗಿ ‘ನೀನು’ ಬಂದದ್ದು ಅವನಿಗೆ ಗೊತ್ತಾಗಲಿಲ್ಲ. ಅವಳಿಗೆ ಗೊತ್ತಾಯಿತು.

ಮಳೆ ತೆಳುವಾದಾಗ ರಸ್ತೆಗಿಳಿದರು. ಅವಳು ಮುಂದೆ ಹೋಗಲಿ ಎಂದು ಅಭ್ಯಾಸದಂತೆ ಅವನು ನಿಂತ. ಅವಳು ಕದಲಲಿಲ್ಲ.

"ಪಕ್ಕ ಬಾ," ಎಂದಳು.

ಮುಂದಿನ ತಿಂಗಳು ಇನ್ನೊಂದು ಊರು, ಇನ್ನೊಂದು ಫ್ರಿಜ್ಜಿನ ಸದ್ದು, ಒಬ್ಬಳದೇ ತಟ್ಟೆ. ಅದೇನೂ ತಪ್ಪುವಂತಿರಲಿಲ್ಲ. ಆದರೆ ಖಾಲಿ ರಸ್ತೆಯಲ್ಲಿ ಅವನ ಚಕ್ರದ ಟಿಕಿಟಿಕಿ ಈಗ ಅವಳ ಬಲಗಿವಿಯ ಬಳಿಯೇ ಕೇಳುತ್ತಿತ್ತು. ಕನ್ನಡಿಯಲ್ಲಿ ಅವನಿರಲಿಲ್ಲ. ದೂರದಲ್ಲಿ, ದಾಟಿ ಹೋಗುವ ಅಪ್ಪಣೆಯಿಲ್ಲದೆ, ಕಿತ್ತಳೆ ಬಣ್ಣದ ಚುಕ್ಕೆಯೊಂದು ಸೀನುತ್ತ ಬರುತ್ತಿತ್ತು.