ಹೆಗಲು ಗುಂಪಿನ ಕಾವಲುಗಾರ

"ಇಲ್ಲಿ ಕಾವಲುಗಾರ ಅಂದ್ರೆ ಯಾರ್ರೀ?"

ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಕೂತಿದ್ದ ಹತ್ತು ಹನ್ನೆರಡು ಜನ ಒಮ್ಮೆಲೇ ತಿರುಗಿ ನೋಡಿದರು. ಕೊನೆಯಲ್ಲಿದ್ದ ಕನ್ನಡಕದ ಯುವಕ ನಿಧಾನವಾಗಿ ಎದ್ದು ನಿಂತ.

"ನಾನೇ. ಪ್ರದ್ಯುಮ್ನ."

"ನಾನು ಸಂಪಿಗೆ! ನನ್ನ ಪತ್ರ ತೆಗೆದುಹಾಕೋಕೆ ನೀವ್ಯಾರು?"

ಅವಳ ನಿಜವಾದ ಹೆಸರು ಸರ್ವಮಂಗಳಾ. ಮನೆಯವರಿಗೆ ಮಂಗಳಾ. ಇಪ್ಪತ್ತಾರು ವರ್ಷ, ದಟ್ಟಗಳ್ಳಿಯ ಒಂದು ಚಿಕ್ಕ ಶಾಲೆಯಲ್ಲಿ ಟೀಚರ್. 'ಸಂಪಿಗೆ' ಎಂಬ ಹೆಸರಿದ್ದದ್ದು ಇಂಟರ್ನೆಟ್ಟಿನ 'ಹೆಗಲು' ಗುಂಪಿನಲ್ಲಿ ಮಾತ್ರ. ಖಿನ್ನತೆಯಿಂದ ಬಳಲುವ ಇನ್ನೂರು ಜನ ಅಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಬರೆದುಕೊಳ್ಳುತ್ತಿದ್ದರು. 'ನಾಲ್ಕು ದಿನದ ಮೇಲೆ ಇವತ್ತು ಸ್ನಾನ ಮಾಡಿದೆ' ಎಂದು ಯಾರಾದರೂ ಬರೆದರೆ, ಮೂವತ್ತು ಜನ 'ಭೇಷ್!' ಎನ್ನುತ್ತಿದ್ದರು. ಹೊರಗೆ ಹೇಳಿದರೆ ನಗುತ್ತಾರೆ. ಅಲ್ಲಿ ಯಾರೂ ನಗುತ್ತಿರಲಿಲ್ಲ.

2005ರ ಆ ಭಾನುವಾರ ಬೆಳಿಗ್ಗೆ ಮೈಸೂರಿನ ಸದಸ್ಯರು ಮೊದಲ ಸಲ ಮುಖಾಮುಖಿ ಸೇರಿದ್ದರು. ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದ ಪ್ರದ್ಯುಮ್ನ 'ಕಾವಲುಗಾರ' ಎಂಬ ಹೆಸರಿನಲ್ಲಿ ಗುಂಪಿನ ಮೇಲ್ವಿಚಾರಕ; ನಿಯಮ ಮೀರಿದ ಪತ್ರಗಳನ್ನು ತೆಗೆದುಹಾಕುವುದು ಅವನ ಕೆಲಸ.

"ಮಾತ್ರೆ ಬಿಟ್ಟೆ, ಹಗುರವಾಗಿದ್ದೀನಿ ಅಂತ ಬರೆದಿದ್ರಿ," ಎಂದ ಅವನು. "ಅದು ನಿಯಮಕ್ಕೆ ವಿರುದ್ಧ."

"ನೀವೂ ಬಿಡಿ ಅಂತ ನಾನು ಯಾರಿಗೂ ಹೇಳ್ಲಿಲ್ಲ!"

"ಓದೋರಿಗೆ ಎರಡೂ ಒಂದೇ."

ಎಷ್ಟು ತಣ್ಣಗಿನ ದನಿ! ಮಂಗಳಾಳ ಮೈ ಉರಿಯಿತು.

"ಈ ಕಾಯಿಲೆ ಅಂದ್ರೆ ಏನು ಅಂತ ನಿಮಗೆ ಗೊತ್ತಾದ್ರೂ ಇದೆಯಾ? ಸುಮ್ನೆ ಪೊಲೀಸ್ ಥರ ಕೂತಿದ್ದೀರ!"

ಅವನ ಮುಖ ಬಿಳುಚಿತು. ಸೈಕಲ್ ಹತ್ತಿ ಹೊರಟೇಬಿಟ್ಟ.

"ಅಷ್ಟೊಂದು ಕೂಗಾಡ್ಬಾರ್ದಿತ್ತು ಕಣಮ್ಮ," ಎಂದರು ಪಕ್ಕದಲ್ಲಿದ್ದ ನಾಗಮಣಿ. ಉದಯಗಿರಿಯಲ್ಲಿ ಒಂಟಿಯಾಗಿದ್ದ ನಿವೃತ್ತ ಟೈಪಿಸ್ಟ್ ಅವರು.

ಮಂಗಳಾಳಿಗೆ ಪಶ್ಚಾತ್ತಾಪವೇನೂ ಆಗಲಿಲ್ಲ. ಮಾತ್ರೆ ಬಿಟ್ಟದ್ದು ಅವಳ ಖುಷಿಗಲ್ಲ. ಹಿಂದಿನ ವರ್ಷ ನಿಶ್ಚಯವಾಗಿದ್ದ ಮದುವೆ ಮುರಿದುಬಿದ್ದಿತ್ತು. ಗಂಡಿನ ತಾಯಿ ಅವಳ ಬ್ಯಾಗಿನಲ್ಲಿ ಮಾತ್ರೆಯ ಶೀಟು ಕಂಡಿದ್ದರು. ಅವತ್ತಿನಿಂದ ತಾಯಿ ಪುಟ್ಟಬಸಮ್ಮನದು ಒಂದೇ ಮಾತು. "ಅದನ್ನ ಬಿಟ್ಬುಡು ಮಗಾ. ವಿಭೂತಿ ಹಚ್ಕೊಂಡು ಮನಸ್ಸು ಗಟ್ಟಿ ಮಾಡ್ಕೋ."

ಗಟ್ಟಿ ಮಾಡಿಕೊಂಡಿದ್ದಳು. ಮೂರು ವಾರ ನಿಜಕ್ಕೂ ಹಗುರವೆನಿಸಿತ್ತು... ಅದನ್ನೂ ಹೇಳಬಾರದೆ?

ಮರುದಿನದಿಂದ ಗುಂಪಿನಲ್ಲಿ ಯುದ್ಧ. ಶಾಲೆ ಬಿಟ್ಟೊಡನೆ ಅವಳು ಬ್ರೌಸಿಂಗ್ ಸೆಂಟರಿಗೆ ಓಡುತ್ತಿದ್ದಳು.

'ಕಾವಲುಗಾರರ ಅಪ್ಪಣೆಯಾದರೆ ಇವತ್ತು ಅಳಬಹುದೇ?!' ಎಂದು ಬರೆದಳು.

'ಅಳುವವರ ನಡುವೆ ವ್ಯಂಗ್ಯ ಬೇಡ,' ಎಂದು ಅವನು ಉತ್ತರಿಸಿದ.

'ಕಲ್ಲಿಗೆ ಅಳುವೇನು ಗೊತ್ತು!'

ಗುಂಪು ಎರಡು ಹೋಳಾಯಿತು. ಸ್ನಾನ, ಊಟ, ನಿದ್ದೆಯ ಸುದ್ದಿ ಬರೆಯುತ್ತಿದ್ದವರು ಹೆದರಿ ಸುಮ್ಮನಾದರು. ಕೆಲವರು ಹೇಳದೆ ಕೇಳದೆ ಹೊರಟೇಹೋದರು. ಮಂಗಳಾಳಿಗೆ ಮಾತ್ರ ಆ ಜಗಳವೇ ಒಂದು ಹುರುಪು!

ಒಂದು ಸಂಜೆ ಅವನ ಪತ್ರ ಕಂಡಿತು.

'ನಾಗಮಣಿಯವರು ಆಸ್ಪತ್ರೆಯಲ್ಲಿದ್ದಾರೆ. ಮಾತ್ರೆ ನಿಲ್ಲಿಸಿದ್ದರು. ನಾನು ತೆಗೆಯುವ ಮೊದಲು ಗುಂಪಿನಲ್ಲಿ ಎರಡು ಗಂಟೆ ಇದ್ದ ಒಂದು ಪತ್ರ ಓದಿ ಧೈರ್ಯ ಬಂತಂತೆ.'

ಯಾರ ಪತ್ರ ಎಂದು ಅವನು ಬರೆದಿರಲಿಲ್ಲ. ಬರೆಯಬೇಕಾಗಿಯೂ ಇರಲಿಲ್ಲ.

ಕೆಲವು ದಿನಗಳಿಂದ ಮಂಗಳಾಳಿಗೂ ಬೆಳಿಗ್ಗೆ ಏಳುವುದೇ ಬೆಟ್ಟ ಹತ್ತಿದಂತಾಗುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಹೇಗೆ ಹೇಳುವುದು? ಹಗುರವಾಗಿದ್ದೀನಿ ಎಂದು ಸಾರಿದವಳು ತಾನೇ ಅಲ್ಲವೆ?

'ಸರಿ. ನಾನು ಹೋಗುತ್ತೇನೆ. ಯಾರೂ ಹುಡುಕಬೇಡಿ,' ಎಂದು ಬರೆದು ಎದ್ದಳು.

ಮರುದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಶಾಲೆಯ ಗೇಟಿನ ಬಳಿ ಪ್ರದ್ಯುಮ್ನ ನಿಂತಿದ್ದ.

"ಇಲ್ಲಿಗೂ ಬಂದ್ರಾ?" ಎಂದಳು ಮಂಗಳಾ. "ಸದಸ್ಯರ ವಿಳಾಸ ಹುಡುಕ್ಬಾರ್ದು ಅನ್ನೋದು ನಿಮ್ಮದೇ ನಿಯಮ."

"ಹೌದು. ಮುರಿದೆ. ದಟ್ಟಗಳ್ಳಿ ವಾಟರ್ ಟ್ಯಾಂಕ್ ಪಕ್ಕದ ಶಾಲೆ ಅಂತ ನೀವೇ ಒಂದ್ಸಲ ಬರೆದಿದ್ರಿ."

"ಯಾಕೆ ಬಂದ್ರಿ? ನನ್ನ ತಪ್ಪು ತೋರಿಸೋಕಾ?"

"ಮೂರು ವಾರ ನನ್ನ ಬೈದ್ರಿ. ಒಂದು ಪತ್ರಾನೂ ಆಶ್ಚರ್ಯಚಿಹ್ನೆ ಇಲ್ದೆ ಮುಗಿದಿರ್ಲಿಲ್ಲ. ನಿನ್ನೆದ್ರಲ್ಲಿ ಒಂದೂ ಇರ್ಲಿಲ್ಲ. ಬೆಳಗಿನವರೆಗೂ ನಿದ್ದೆ ಬರ್ಲಿಲ್ಲ ನನಗೆ."

ಮಂಗಳಾ ಗೇಟು ತೆರೆದು ಹೊರಗೆ ಬಂದಳು. ನನ್ನನ್ನು ಇಷ್ಟು ಗಮನವಿಟ್ಟು ಓದಿದವರು ಯಾರಿದ್ದಾರೆ?

ಅವನು ನೆಲ ನೋಡುತ್ತಾ ಹೇಳಿದ. "ನಾಲ್ಕು ವರ್ಷದ ಹಿಂದೆ ಯಾರೋ ಬರೆದ ಇಂಥದ್ದೇ ಪತ್ರ ಓದಿ ನಾನೂ ಮಾತ್ರೆ ಬಿಟ್ಟೆ. ಮೂರು ತಿಂಗಳು ಆಸ್ಪತ್ರೆ. ಆ ಪತ್ರ ಬರೆದೋರು ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಆ ಸಿಟ್ಟನ್ನೆಲ್ಲ ನಿಮ್ಮ ಮೇಲೆ ತೀರಿಸ್ಕೊಂಡೆ. ಪತ್ರ ತೆಗೆದದ್ದು ಸರಿ. 'ಯಾಕೆ ಬಿಟ್ರಿ, ಈಗ ಹೇಗಿದ್ದೀರ' ಅಂತ ಒಂದು ಮಾತು ಕೇಳ್ಬೇಕಿತ್ತು. ಕೇಳ್ಲಿಲ್ಲ."

"ಚೆನ್ನಾಗಿಲ್ಲ ನಾನು," ಎಂದಳು ಮಂಗಳಾ. ಅಷ್ಟು ಹೇಳುವಷ್ಟರಲ್ಲಿ ಅಳು ನುಗ್ಗಿ ಬಂತು.

ಅಂದೇ ಸಂಜೆ ಅವಳು ತನ್ನ ವೈದ್ಯರನ್ನು ಕಂಡಳು. ಮರುದಿನ ಇಬ್ಬರೂ ನಾಗಮಣಿಯವರನ್ನು ನೋಡಲು ಹೋದರು. ಆಕೆ ಮುಖ ತಿರುಗಿಸಿ ಮಲಗಿದ್ದರು.

"ನಿನ್ ಮೇಲೆ ಸಿಟ್ಟೈತೆ ಕಣಮ್ಮ, ಸುಳ್ಳು ಹೇಳಕಿಲ್ಲ," ಎಂದರು. ಆಮೇಲೆ ಇತ್ತ ತಿರುಗಿ ಕೈ ಚಾಚಿದರು. "ನೀನು ಮಾತ್ರೆ ತಗತಾ ಇದ್ದೀಯ ತಾನೆ?"

"ತಗೊಳ್ತಿದ್ದೀನಿ ಆಂಟಿ."

"ಹಂಗಾದ್ರೆ ಕೂತ್ಕೋ."

ಅದೇ ತಿಂಗಳು ನಂಜನಗೂಡಿನಿಂದ ಗಂಡಿನವರು ನೋಡಲು ಬಂದರು. ಮಂಗಳಾ ಕಾಫಿ ಕೊಟ್ಟವಳೇ, ತಾನು ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುವುದನ್ನು ಎಲ್ಲರೆದುರು ಹೇಳಿದಳು. ಅವರು ಅರ್ಧ ಲೋಟ ಕಾಫಿ ಬಿಟ್ಟು ಎದ್ದರು.

"ನಮ್ಮ ಮಾನ ಕಳೆದ್ಬುಟ್ಟೆ!" ಪುಟ್ಟಬಸಮ್ಮ ಹಣೆ ಚಚ್ಚಿಕೊಂಡರು.

"ಪ್ರಾಣ ಉಳಿಸ್ಕೊಂಡೆ ಅವ್ವ," ಎಂದಳು ಮಗಳು. ತಾಯಿ ಎರಡು ವಾರ ಅವಳೊಡನೆ ಮಾತಾಡಲಿಲ್ಲ.

ಆರು ತಿಂಗಳು ಕಳೆದವು. ಮಂಗಳಾ ಈಗ ಗುಂಪಿನಲ್ಲಿ ಹೊಸಬರಿಗೆ ಉತ್ತರ ಬರೆಯುತ್ತಿದ್ದಳು. ಪ್ರದ್ಯುಮ್ನನೊಡನೆ ಜಗಳ ನಿಂತಿರಲಿಲ್ಲ. ಆದರೆ ಒಂದು ದಿನ ಅವನ ಪತ್ರ ಬರದಿದ್ದರೂ ಜೀವ ಚಡಪಡಿಸುತ್ತಿತ್ತು. ಇದೇನು ಎಂದು ತನ್ನನ್ನೇ ಕೇಳಿಕೊಂಡಳು. ಉತ್ತರ ಗೊತ್ತಾದಾಗ ಹೆದರಿಕೆಯಾಯಿತು!

ಒಂದು ಶನಿವಾರ ಮೇಟಗಳ್ಳಿಯ ಬಸ್ ಸ್ಟಾಪಿನಲ್ಲಿ, ಶಿಫ್ಟು ಮುಗಿಸಿ ಬಂದವನನ್ನು ತಡೆದು ನಿಲ್ಲಿಸಿದಳು.

"ನಿಮ್ಮನ್ನ ಮದುವೆ ಆಗ್ಬೇಕು ಅಂತಿದ್ದೀನಿ. ಬೈಯೋದಾದ್ರೆ ಈಗ್ಲೇ ಬೈದ್ಬುಡಿ!"

ಅವನು ಬೆಂಚಿನ ಮೇಲೆ ಕುಸಿದು ಕೂತ.

"ನಿಮ್ಮ ಮನೇಲೂ ಒಪ್ಪಲ್ಲ, ನಮ್ಮ ಮನೇಲೂ ಒಪ್ಪಲ್ಲ. ಜಾತಿ ಬೇರೆ. ಜೊತೆಗೆ ಇಬ್ಬರಿಗೂ ಕಾಯಿಲೆ."

"ಅವರನ್ನ ಆಮೇಲೆ ಕೇಳೋಣ. ನಿಮ್ಮನ್ನ ಕೇಳ್ತಿದ್ದೀನಿ."

"ನಾನು ಆ ಶಾಲೆ ಗೇಟಿನ ಹತ್ರಾನೇ ಒಪ್ಪಿಬಿಟ್ಟಿದ್ದೆ," ಎಂದ ಅವನು ಮೆಲ್ಲಗೆ. "ಹೇಳೋಕೆ ಧೈರ್ಯ ಇರ್ಲಿಲ್ಲ."

ಅವಳು ಅವನ ಪಕ್ಕ ಕೂತಳು.

"ನನಗೆ ಕೆಟ್ಟ ದಿನ ಬಂದ್ರೆ ವಾರಗಟ್ಟಲೆ ಮಾತೇ ಆಡಲ್ಲ ರೀ."

"ಪಕ್ಕದಲ್ಲಿ ಕೂತಿರ್ತೀನಿ."

"ನಿಮಗೆ ಬಂದ್ರೆ?"

"ಆಗ ನೀವು ಕೂತ್ಕೊಳ್ಳಿ."

"ಇಬ್ಬರಿಗೂ ಒಂದೇ ದಿನ ಬಂದ್ರೆ...?"

"ಗೊತ್ತಿಲ್ಲ ಮಂಗಳಾ."

ಎಲ್ಲ ಸರಿಹೋಗುತ್ತೆ ಎಂಬ ಸುಳ್ಳು ಸಮಾಧಾನ ಅವನು ಹೇಳಲಿಲ್ಲವಲ್ಲ! ಅವಳ ಕಣ್ಣು ತುಂಬಿತು. ಮೆಲ್ಲಗೆ ಅವನ ಕೈ ಹಿಡಿದುಕೊಂಡಳು.

"ಪರವಾಗಿಲ್ಲ," ಎಂದಳು. "ನನಗೂ ಗೊತ್ತಿಲ್ಲ."