ಹಸಿರು ಲಾಡಿಯ ಬೂಟು

೧೯೭೪ರ ಮೇ ೬, ಸೋಮವಾರ. ಬೆಳಗ್ಗೆ ಏಳಕ್ಕೇ ಕೋಕಿಲಾ ರಾಜಾಜಿನಗರ ಠಾಣೆಗೆ ಬಂದಳು. ಗಂಡ ನಾಣಿ ಕಾರ್ಖಾನೆಯಲ್ಲಿ ಟರ್ನರ್. ಭಾನುವಾರ ಅದೇ ಕಾರ್ಖಾನೆಯ ಗೆಳೆಯ ವೆಂಕಟಗಿರಿಯ ಜೊತೆ ಮಾಗಡಿ ರಸ್ತೆಯಾಚೆಯ ಮೂಕಬಸವನ ಬೆಟ್ಟ ಹತ್ತಲು ಹೋದವನು ಮನೆಗೆ ಬಂದಿಲ್ಲ. ಇವತ್ತು ರಾತ್ರಿಯ ರೈಲಿಗೆ ಹಿಮಾಲಯದ ಶಿಬಿರಕ್ಕೆ ಹೊರಡಬೇಕಿತ್ತು. ವೆಂಕಟಗಿರಿಯನ್ನು ಕೇಳಿದರೆ, ಇಬ್ಬರೂ ಇಳಿದೆವು, ನಾಣಿ ಮಾಗಡಿಯ ಸೋದರತ್ತೆಯನ್ನು ನೋಡಲು ಬಸ್ಸು ಹತ್ತಿದ ಎಂದನಂತೆ.

ಇನ್ಸ್‌ಪೆಕ್ಟರ್ ಬಸವಲಿಂಗಪ್ಪ ಗುರುತು ಕೇಳಿದರು. ಖಾಕಿ ಪ್ಯಾಂಟು, ಕ್ಯಾನ್ವಾಸ್ ಬೂಟು. ಎಡಗಾಲಿನದರ ಲೇಸು ಕಿತ್ತುಹೋಗಿತ್ತು, ಲಂಗದ ಹಸಿರು ಲಾಡಿ ಪೋಣಿಸಿಕೊಟ್ಟಿದ್ದೆ ಎಂದಳು. ಎಫ್‌ಐಆರ್‌ನಲ್ಲಿ ಲಾಡಿಯನ್ನೂ ಬರೆಸಿದರು.

ಮಾಗಡಿಯ ಅತ್ತೆ ನಾಣಿಯನ್ನು ನೋಡಿ ವರ್ಷವಾಗಿತ್ತು. ಬೆಟ್ಟದ ಬುಡದಲ್ಲಿ ಮಜ್ಜಿಗೆ ಮಾರುವ ಅಕ್ಕಯ್ಯಮ್ಮ ಸಿಕ್ಕಿದಳು. ಬಸವನ ಬೆಟ್ಟವನ್ನು ಯಾರೂ ಮೆಟ್ಟು ಹಾಕಿಕೊಂಡು ಹತ್ತುವುದಿಲ್ಲ, ಅವಳ ಗುಡಿಸಲ ಮುಂದಿನ ಬಂಡೆಯ ಮೇಲೆ ಬಿಟ್ಟು ಹೋಗುತ್ತಾರೆ. ಕತ್ತಲಾದರೂ ಅಲ್ಲಿ ಚಪ್ಪಲಿ ಉಳಿದಿದ್ದರೆ ಊರವರು ಲಾಂದ್ರ ಹಿಡಿದು ಹುಡುಕಲು ಹೋಗುವುದು ವಾಡಿಕೆ.

"ನಿನ್ನೆ ಏನೂ ಉಳಿದಿರ್ನಿಲ್ಲ ಸ್ವಾಮಿ. ನಾನು ಹಸ ಕಟ್ಟಿ ಬರೋ ಹೊತ್ಗೆ ಎರಡು ಜೊತೇನೂ ಇರ್ನಿಲ್ಲ. ಇಳ್ದು ಹೋದ್ರು ಅಂದ್ಕೊಂಡೆ."

ಜೀಪು ಹೊಸಹಳ್ಳಿಗೆ ತಿರುಗಿತು. ವೆಂಕಟಗಿರಿಯ ಮನೆಯಲ್ಲಿ ಹೋಲ್ಡಾಲ್ ಕಟ್ಟಿಟ್ಟಿತ್ತು.

"ಎಲ್ಲಿಗೆ?"

"ಶಿಬಿರಕ್ಕೆ ಫ್ಯಾಕ್ಟ್ರಿಯಿಂದ ಒಂದೇ ಸೀಟು ಸಾರ್. ನಾಣಿ ಬರ್ದಿದ್ರೆ ನಾನು ಹೋಗ್ಬೇಕು."

ಕಾನ್‌ಸ್ಟೇಬಲ್ ಕೆಂಪಯ್ಯ ಬಚ್ಚಲಿನ ಸೌದೆಯ ಹಿಂದೆ ಕೈ ಹಾಕಿದ. ಹಸಿರು ಲಾಡಿ ಕಂಡಿತು. ನೆರೆಯ ಇಬ್ಬರ ಮುಂದೆ ಪಂಚನಾಮೆಯಾಯಿತು.

"ಬೂಟು ಇಲ್ಲಿದೆ," ಎಂದರು ಬಸವಲಿಂಗಪ್ಪ. "ಕಾಲು ಎಲ್ಲಿದೆ?"

ವೆಂಕಟಗಿರಿ ಬಾಯಿ ಬಿಟ್ಟ. ಇಳಿಯುವಾಗ ನಾಣಿ ಜಾರಿ ಕಾಲು ಮುರಿದುಕೊಂಡಿದ್ದ. ಆಳು ಕರೆತರುತ್ತೇನೆಂದು ಹೇಳಿ ಬಂದವನಿಗೆ ಬಂಡೆಯ ಮೇಲಿನ ಬೂಟು ಕಂಡಾಗ ಬುದ್ಧಿ ಕೆಟ್ಟಿತು.

"ರೈಲು ಹತ್ತಿದ್ಮೇಲೆ ಊರವರಿಗೆ ತಂತಿ ಕೊಡೋಣ ಅಂತಿದ್ದೆ ಸಾರ್."

ಅವನನ್ನು ದಸ್ತಗಿರಿ ಮಾಡಿ ಠಾಣೆಗೆ ಕಳಿಸಿ, ಕೋಕಿಲಾಳನ್ನು ಜೀಪಿಗೆ ಹತ್ತಿಸಿಕೊಂಡರು. ಸಂಜೆ ನಾಲ್ಕಕ್ಕೆ, ಊರವರು ತೋರಿಸಿದ ದೊಣೆಯ ಪಕ್ಕ, ಬಂಡೆಯ ನೆರಳಲ್ಲಿ ನಾಣಿ ಸಿಕ್ಕಿದ. ತೆವಳಿ ತೆವಳಿ ನೀರಿನ ಹತ್ತಿರ ಸೇರಿಕೊಂಡಿದ್ದ. ಜೀವವಿತ್ತು.

"ಗಿರಿ ಸಿಕ್ಕಿದ್ನಾ ಸಾರ್?" ಎಂದ ಮೊದಲು. "ಆಳು ತರ್ತೀನಿ ಅಂತ ಹೋದ. ಅವನೂ ಎಲ್ಲೋ ಬಿದ್ದಿದಾನೆ ಅಂತ ರಾತ್ರಿಯೆಲ್ಲ ಕೂಗಿದೆ."

ಬಸವಲಿಂಗಪ್ಪ ಮಂಚ ತರಲು ಊರವರನ್ನು ಕಳಿಸಿದರು.

ಅದರ ಮೇಲೆ ಹೊತ್ತು ಅಕ್ಕಯ್ಯಮ್ಮನ ಗುಡಿಸಲಿಗೆ ಇಳಿಸಿದರು. ಕೋಕಿಲಾ ಅವನ ತಲೆ ತೊಡೆಯ ಮೇಲಿಟ್ಟುಕೊಂಡು ಗುಟುಕು ಗುಟುಕಾಗಿ ಮಜ್ಜಿಗೆ ಕುಡಿಸಿದಳು.

"ಸೋದರತ್ತೆ ಚೆನ್ನಾಗಿದಾರಾ?" ಎಂದು ನಕ್ಕಳು. ನಾಣಿ ಏನೂ ತಿಳಿಯದೆ ಪಿಳಿಪಿಳಿ ನೋಡಿದ. ಅಕ್ಕಯ್ಯಮ್ಮನೂ ನಕ್ಕಳು.

ನಾಣಿಗೆ ಬೆಟ್ಟ ಹತ್ತಲು ಕಲಿಸಿದವನೇ ವೆಂಕಟಗಿರಿ. ಶಿಬಿರಕ್ಕೆ ಮೂವತ್ತಾರು ತುಂಬಿದವರನ್ನು ಸೇರಿಸುವುದಿಲ್ಲ. ಮುಂದಿನ ತಿಂಗಳು ವೆಂಕಟಗಿರಿಗೆ ಅಷ್ಟು ತುಂಬುತ್ತಿತ್ತು. ರಾತ್ರಿ ಬಸವಲಿಂಗಪ್ಪ ಲಾಕಪ್ಪಿನ ಮುಂದೆ ನಿಂತು ನಾಣಿಯ ಮಾತನ್ನು ಹಾಗೇ ಹೇಳಿದರು. ವೆಂಕಟಗಿರಿ ಎದ್ದು ಸರಳಿನ ಹತ್ತಿರ ಬಂದ.

"ಬದುಕಿದಾನಲ್ಲ ಸಾರ್. ಸಾಕು."

ಮಧ್ಯಾಹ್ನದಿಂದ ಮುಟ್ಟದ ಊಟದ ತಟ್ಟೆಯನ್ನು ಹತ್ತಿರ ಎಳೆದುಕೊಂಡ. ಆ ಹೊತ್ತಿಗೆ ರೈಲು ಹೊರಟಿರಬೇಕು. ಅವನು ಗಡಿಯಾರ ನೋಡಲಿಲ್ಲ.